ಸಂಘದ ಆಂಬುಲೆನ್ಸ್‌ಗೆ ಎಫ್‌ಸಿ ನವೀಕರಣ: ಪೋರ್ಟಲ್ ಚೆನ್ನಾಗಿದೆ, ತಪಾಸಣೆ ಅರ್ಧಕ್ಕೇ ನಿಲ್ಲುತ್ತದೆ

ಕರಾವಳಿ, ಮಲೆನಾಡಿನ ಎಷ್ಟೋ ಊರುಗಳಲ್ಲಿ ಯುವಕ ಮಂಡಲಗಳು, ಟ್ರಸ್ಟ್‌ಗಳು ಚಂದಾ ಎತ್ತಿ ಆಂಬುಲೆನ್ಸ್ ನಡೆಸುತ್ತವೆ. ಆಂಬುಲೆನ್ಸ್ ಕೆಲಸಕ್ಕೇ ಮೀಸಲಾದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿದೆ. ಗಾಡಿ ರಸ್ತೆಗೆ ಯೋಗ್ಯ ಎಂದು ತಪಾಸಣೆ ಮಾಡಿ ಕೊಡುವ ಪತ್ರವಾದ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಮಾತ್ರ ಆ ರಿಯಾಯಿತಿ ಇಲ್ಲ. ಎಫ್‌ಸಿ ಮುಗಿದ ಸಾರಿಗೆ ವಾಹನದ ನೋಂದಣಿಯೇ ಸಿಂಧುವಲ್ಲ ಎನ್ನುತ್ತದೆ 56ನೇ ಕಲಂ. ಅಪಘಾತವಾದರೆ ವಿಮಾ ಕಂಪನಿಯ ವಕೀಲರು ಮೊದಲು ನೋಡುವ ತಾರೀಖೂ ಅದೇ. ಸೇವೆ ಮಾಡಲು ಹೊರಟ ಸಂಘ ಇಲ್ಲಿ ಎಡವಬಾರದು.

ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ. ಮೂರು ತಿಂಗಳು ಮರೆತರೆ 4,500 ರೂಪಾಯಿ ಹೋಯಿತು. ಅಷ್ಟು ದುಡ್ಡಿಗೆ ಎಷ್ಟೋ ಸಲ ಡೀಸೆಲ್ ಹಾಕಿಸಬಹುದು.

ಅರ್ಜಿ ಹಾಕುವ ಜಾಗ ಪರಿವಾಹನ್ ಜಾಲತಾಣದ ವಾಹನ್ ಸೇವೆ. ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆಯ ಕೊನೆಯ ಐದು ಅಕ್ಷರ, ಮೊಬೈಲ್‌ಗೆ ಬರುವ ಒಟಿಪಿ, ಶುಲ್ಕ, ತಪಾಸಣೆಯ ದಿನ: ದಾರಿ ಇಷ್ಟೇ. ಗಾಡಿಯ ವಯಸ್ಸು, ವರ್ಗ ನೋಡಿ ಶುಲ್ಕವನ್ನು ಪೋರ್ಟಲ್ ತಾನೇ ಲೆಕ್ಕ ಹಾಕುತ್ತದೆ. ಏಜೆಂಟರ ಹಂಗಿಲ್ಲದೆ ಮುಗಿಸಬಹುದಾದ ಈ ಭಾಗಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು.

ಒಂದು ಅಂಕ ಕಡಿತವಾಗುವುದು ಒಟಿಪಿಯಿಂದ. ಗಾಡಿ ಸಂಘದ್ದು, ಆದರೆ ದಾಖಲೆಯಲ್ಲಿರುವ ಮೊಬೈಲ್ ಗಾಡಿ ಕೊಂಡ ಕಾಲದ ಕಾರ್ಯದರ್ಶಿಯದ್ದು. ಅವರು ಈಗ ದುಬೈಯಲ್ಲೋ ಮುಂಬೈಯಲ್ಲೋ ಇದ್ದು ಹಳೆಯ ಸಿಮ್ ಬಿಟ್ಟಿದ್ದರೆ ಅರ್ಜಿ ಮೊದಲ ಪುಟದಲ್ಲೇ ನಿಲ್ಲುತ್ತದೆ. ಸಂಖ್ಯೆ ಬದಲಿಸುವ ಸೌಲಭ್ಯ ಅದೇ ಪೋರ್ಟಲ್‌ನಲ್ಲಿದೆ. ಅದಕ್ಕೆ ಚಾಸಿ ಮತ್ತು ಎಂಜಿನ್ ಸಂಖ್ಯೆ, ನೋಂದಣಿಯ ದಿನಾಂಕ, ಎಫ್‌ಸಿಯ ಕೊನೆಯ ದಿನಾಂಕ ಬೇಕು. ಎಲ್ಲವೂ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇದ್ದಂತೆಯೇ ಇರಬೇಕು. ಸಂಘದ ಹೆಸರಲ್ಲೇ ಒಂದು ಸಿಮ್ ಇಟ್ಟುಕೊಳ್ಳುವುದು ಉತ್ತಮ. ಆರ್‌ಸಿ ಯಾರಾದರೂ ಹಿರಿಯರ ಹೆಸರಲ್ಲಿದ್ದು ಅವರು ತೀರಿಕೊಂಡಿದ್ದರೆ ಮೊದಲು 31ನೇ ನಮೂನೆಯಲ್ಲಿ ಮಾಲೀಕತ್ವ ಬದಲಿಸಿ. ಅದಕ್ಕೆ ಮೂರು ತಿಂಗಳ ಗಡುವಿದೆ. ಅರ್ಜಿಗೆ ಮುಂಚೆ ವಿಮೆ, ಹೊಗೆ ತಪಾಸಣೆ ಪತ್ರ, ಬಾಕಿ ಚಲನ್, ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷತೆಯ) ನಂಬರ್ ಪ್ಲೇಟ್ ಇವನ್ನೂ ನೋಡಿಕೊಳ್ಳಿ.

ತಪಾಸಣೆಯಲ್ಲಿ ಊರಿನ ಆಂಬುಲೆನ್ಸ್‌ಗಳು ಕೈಕೊಡುವುದು ಹೆಚ್ಚು ಓಡಿದ್ದಕ್ಕಲ್ಲ, ನಿಂತಲ್ಲೇ ನಿಂತದ್ದಕ್ಕೆ. ಟೈರ್ ಹಲ್ಲಿನ ಆಳ ಕನಿಷ್ಠ 1.6 ಮಿ.ಮೀ. ಇರಬೇಕು, ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ಟೈರಿನ ಪಕ್ಕದ ಗೋಡೆ ಬಿರುಕು ಬಿಟ್ಟಿರುತ್ತದೆ. ಅಲ್ಲಿ ಒತ್ತಿರುವ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದ ಟೈರ್. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ. ಹೆಡ್‌ಲೈಟಿನ ಪ್ಲಾಸ್ಟಿಕ್ ಹಳದಿಯಾಗಿ ಬೆಳಕು ಕುಂದುತ್ತದೆ. ರೋಗಿಯ ಕ್ಯಾಬಿನ್ನನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು ಒರೆಸದೆ ಬಿಟ್ಟರೆ ಸ್ಟ್ರೆಚರ್ ಹಳಿಯ ಕೆಳಗಿನ ತಗಡು ತಿಂದುಹೋಗುತ್ತದೆ. ಕಡಲ ಗಾಳಿಯ ಊರಲ್ಲಿ ಇನ್ನೂ ಬೇಗ. ಗಾಡಿಯನ್ನು ಎತ್ತಿಸಿ ತಳಭಾಗವನ್ನು ವಾರ ಮೊದಲೇ ನೋಡಿ. ರಿಫ್ಲೆಕ್ಟರ್ ಪಟ್ಟಿ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ. ವೇಗ ನಿಯಂತ್ರಕ ಆಂಬುಲೆನ್ಸ್‌ಗೆ ಕಡ್ಡಾಯವಲ್ಲ. ಯಾರಾದರೂ ಹಾಕಿಸಿ ಎಂದರೆ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 118ನೇ ನಿಯಮ ತೋರಿಸಿ. ಎಫ್‌ಸಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಬಾಯಿಮಾತಿಗೆ ವಾಪಸ್ ಬರಬೇಡಿ.

ಚಾಲಕರ ವಿಚಾರದಲ್ಲಿ ಹಳೆಯ ಗೊಂದಲವೊಂದು ತೀರಿದೆ. 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಆಂಬುಲೆನ್ಸ್ ಆಗಿ ಓಡುವ ಈಕೊ, ವಿಂಗರ್, ಟ್ರಾವೆಲರ್ ಗಾಡಿಗಳೆಲ್ಲವೂ ಆ ಮಿತಿಯೊಳಗೆ ಬರುತ್ತವೆ.

ಈ ಸೇವೆಯ ನಿಜವಾದ ಕೊರತೆ ಬೇರೆ. ಎಫ್‌ಸಿ ನೋಡುವುದು ಗಾಡಿಯನ್ನು. ಅದರೊಳಗೆ ಮಲಗುವ ರೋಗಿಗೆ ಬೇಕಾದ್ದನ್ನಲ್ಲ. ಬ್ರೇಕ್ ಇನ್‌ಸ್ಪೆಕ್ಟರ್ ಸಹಿ ಬಿದ್ದ ಗಾಡಿಯಲ್ಲೂ ಆಮ್ಲಜನಕದ ಸಿಲಿಂಡರ್ ಖಾಲಿ ಇರಬಹುದು. ಹಾಗಾಗಿ ಎಫ್‌ಸಿ ದಿನವೇ ಸಂಘದ ಎರಡನೇ ತಪಾಸಣೆಯೂ ನಡೆಯಲಿ. ಬಿ ಮಾದರಿಯ ತುಂಬಿದ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಎರಡೂವರೆ ಗಂಟೆ. ಮೀಟರ್ ಅರ್ಧಕ್ಕಿದ್ದರೆ ಒಂದೂಕಾಲು ಗಂಟೆ. ಘಟ್ಟದ ಮೇಲಿನಿಂದ ಮಂಗಳೂರಿನ ಆಸ್ಪತ್ರೆಗೆ ಅದು ಸಾಲದು, ಎರಡನೇ ಸಿಲಿಂಡರ್ ಇರಲೇಬೇಕು. ಸಿಲಿಂಡರಿನ ಕುತ್ತಿಗೆಯಲ್ಲಿ ಒತ್ತಿದ ಒತ್ತಡ ಪರೀಕ್ಷೆಯ ತಾರೀಖು ಐದು ವರ್ಷ ದಾಟಿರಬಾರದು. ಗಂಟಲಿನ ಕಫ ಎಳೆಯುವ ಸಕ್ಷನ್ ಯಂತ್ರ ಚಾಲೂ ಮಾಡಿ ಕೊಳವೆಯ ತುದಿಗೆ ಬೆರಳಿಟ್ಟು ಎಳೆತ ನೋಡಿ. ಸ್ಟ್ರೆಚರ್ ಮೇಲೆ ಒಬ್ಬ ದೃಢಕಾಯರನ್ನು ಮಲಗಿಸಿ ಲಾಕ್ ಬೀಳುತ್ತದೆಯೇ ಪರೀಕ್ಷಿಸಿ; ಖಾಲಿ ಇದ್ದಾಗ ಎಲ್ಲ ಲಾಕೂ ಬೀಳುತ್ತದೆ. ಬಿಪಿ ಉಪಕರಣ, ಆಕ್ಸಿಮೀಟರ್ ಬ್ಯಾಟರಿ, ಮಾಸ್ಕುಗಳ ಅವಧಿ ಬೇಗ ನೋಡಿ ಮುಗಿಯುವಂಥವು.

ಗಾಡಿ ತಪಾಸಣೆಗೆ ಹೋಗುವ ದಿನವನ್ನು ಪಕ್ಕದ ಊರಿನ ಸಂಘಕ್ಕೂ ಆರೋಗ್ಯ ಕೇಂದ್ರಕ್ಕೂ ಮೊದಲೇ ತಿಳಿಸಿ. ಶೆಡ್ಡಿನ ಬಾಗಿಲಿಗೆ ಸರ್ಕಾರಿ ಆಂಬುಲೆನ್ಸ್ ಕರೆಯುವ ಸಂಖ್ಯೆ 108 ಎಂದು ದೊಡ್ಡದಾಗಿ ಬರೆದ ಹಲಗೆ ತೂಗುಹಾಕಿ ಹೋಗಿ.