ಲೇಖಕರು ತೀರಿಕೊಂಡು 60 ವರ್ಷ ಆಯ್ತಲ್ಲ ಅಂತ ಹಳೇ ಕಾದಂಬರಿ ಓದಿ ಅಪ್‌ಲೋಡ್ ಮಾಡುವ ಮುಂಚೆ

ಹಳೆಯ ಕನ್ನಡ ಕಾದಂಬರಿಯೊಂದನ್ನು ಕಂತು ಕಂತಾಗಿ ಓದಿ ಯೂಟ್ಯೂಬ್‌ಗೆ ಹಾಕುತ್ತಿದ್ದ ಸಣ್ಣ ಚಾನೆಲ್ಲೊಂದು ಈಗ ಇಲ್ಲ. 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ (ಹಕ್ಕುದಾರರ ದೂರಿನ ಮೇಲೆ ಯೂಟ್ಯೂಬ್ ವಿಡಿಯೊ ತೆಗೆದು ಹಾಕುವ ಎಚ್ಚರಿಕೆ) ಬಿದ್ದು ಮುಚ್ಚಿಹೋಯಿತು. ವರ್ಷದ ಲೆಕ್ಕದಲ್ಲಿ ತಪ್ಪಿರಲಿಲ್ಲ, ಕಾದಂಬರಿ ನಿಜಕ್ಕೂ ಹಕ್ಕುಮುಕ್ತವಾಗಿತ್ತು. ಆದರೆ ಒಂದು ಕಂತಿನಲ್ಲಿ ಮರುಮುದ್ರಣಕ್ಕೆ ಬೇರೊಬ್ಬರು ಬರೆದ ಹೊಸ ಮುನ್ನುಡಿಯನ್ನೂ ಓದಿದ್ದರು. ಇನ್ನೊಂದರ ಹಿನ್ನೆಲೆಗೆ ಹಳೆಯ ಚಿತ್ರಗೀತೆಯ ತುಣುಕಿತ್ತು. ಮತ್ತೊಂದರ ಥಂಬ್‌ನೇಲ್‌ಗೆ ಈಚಿನ ಆವೃತ್ತಿಯ ಮುಖಪುಟದ ಚಿತ್ರ ಹಾಕಿದ್ದರು. ದೂರು ಕೊಟ್ಟವರೂ ಮೂವರು.

ಮೊದಲು ಲೆಕ್ಕ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಎಣಿಸಬೇಕು, ತೀರಿಕೊಂಡ ದಿನದಿಂದಲ್ಲ. ತ್ರಿವೇಣಿ, ಗೋವಿಂದ ಪೈ ಇಬ್ಬರೂ 1963ರಲ್ಲಿ ಹೋದವರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು ಮುಕ್ತವಾದದ್ದು 2024ರ ಜನವರಿ 1ಕ್ಕೆ. ಮರಣಾನಂತರ ಮೊದಲ ಸಲ ಅಚ್ಚಾದ ಬರಹವಿದ್ದರೆ ಅದಕ್ಕೆ ಅಚ್ಚಾದ ವರ್ಷದಿಂದ ಬೇರೆಯೇ 60 ವರ್ಷ. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ತೀರಿಕೊಂಡವರ ಲೆಕ್ಕ. ಡಿವಿಜಿ 1975ರಲ್ಲಿ ತೀರಿಕೊಂಡವರು, ಅಂದರೆ 2035ರ ಕೊನೆಯವರೆಗೂ ಹಕ್ಕಿದೆ. ಕಗ್ಗ ದಿನಾ ಬೆಳಗ್ಗೆ ವಾಟ್ಸಾಪ್‌ನಲ್ಲಿ ಬರುತ್ತದೆ ಎಂಬುದು ಕೋರ್ಟಿನಲ್ಲಿ ನಡೆಯುವ ವಾದವಲ್ಲ.

ಹೆಚ್ಚು ಜನ ಬೀಳುವುದು ಸಿನಿಮಾ, ಹಾಡುಗಳ ಜಾಗದಲ್ಲಿ. ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಬೆಳ್ಳಿಮೋಡ’ ಬಂದದ್ದು 1967ರಲ್ಲಿ. ಸಿನಿಮಾಕ್ಕೆ ಬಿಡುಗಡೆಯಿಂದ 60 ವರ್ಷ, ಆದ್ದರಿಂದ 2027ರ ಕೊನೆಯವರೆಗೆ ಆ ದೃಶ್ಯಗಳನ್ನು ಮುಟ್ಟುವಂತಿಲ್ಲ. ಧ್ವನಿಮುದ್ರಣಕ್ಕೂ ಪ್ರಕಟಣೆಯಿಂದ 60. ಅದು ಮುಗಿದರೂ ಹಾಡು ಮುಕ್ತವಾಗುವುದಿಲ್ಲ: ‘ಬೆಳ್ಳಿಮೋಡ’ದಲ್ಲಿರುವ ‘ಮೂಡಲ ಮನೆಯ’ ಪದ್ಯ ಬೇಂದ್ರೆಯವರದು, ಅವರು 1981ರಲ್ಲಿ ತೀರಿಕೊಂಡವರು, ಸಾಹಿತ್ಯದ ಹಕ್ಕು 2041ರ ಕೊನೆಯವರೆಗೆ. ರಾಗ ಸಂಯೋಜನೆಯ ಹಕ್ಕು ಇನ್ನೂ ಆಚೆಗೆ. ಹಿನ್ನೆಲೆ ಸಂಗೀತ ಬೇಕೇ ಬೇಕೆಂದರೆ ಯೂಟ್ಯೂಬ್‌ನದೇ ಆಡಿಯೊ ಲೈಬ್ರರಿಯಿಂದ ತೆಗೆದುಕೊಳ್ಳಿ. ಓದಿಗೆ ಅದು ಬೇಕೂ ಇಲ್ಲ.

ಅನುವಾದಗಳಲ್ಲೂ ಇದೇ ಮೋಸ. ಟಾಗೋರರು 2002ರಿಂದ ಮುಕ್ತ, ಆದರೆ ಅವರನ್ನು ಕನ್ನಡಕ್ಕೆ ತಂದವರ ಹಕ್ಕು ಆ ಅನುವಾದಕರ ಆಯುಸ್ಸಿನ ಮೇಲೆ ನಿಲ್ಲುತ್ತದೆ. ಹಳಗನ್ನಡ ಕಾವ್ಯವಾದರೆ ಸಂಪಾದಕರ ಟಿಪ್ಪಣಿ, ಗದ್ಯಾನುವಾದ ಬಿಟ್ಟು ಮೂಲ ಪದ್ಯಗಳನ್ನಷ್ಟೇ ಓದಿ. ಲೇಖಕರು ಇದ್ದಾಗಲೇ ಅಚ್ಚಾದ ಪ್ರತಿ ಗ್ರಂಥಾಲಯದಲ್ಲಿ ಸಿಕ್ಕರೆ ಅದನ್ನೇ ಓದಿ. ಶೀರ್ಷಿಕೆ ಪುಟ ಮತ್ತು ಮುದ್ರಣದ ವರ್ಷವಿರುವ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ನಾಳೆ ದೂರು ಬಂದರೆ ಕೈಯಲ್ಲಿರುವ ದಾಖಲೆ ಅದೊಂದೇ.

ಇನ್ನು ಅಮೆರಿಕದ ಕಾಟ. ಅಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷ. 1930ರ ಪುಸ್ತಕಗಳು ಮುಕ್ತವಾದದ್ದು 2026ರ ಜನವರಿ 1ಕ್ಕೆ. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕು ಉಳಿದಿದ್ದ ಕೃತಿಗಳಿಗೆ ಅಲ್ಲೂ ರಕ್ಷಣೆ ಸಿಕ್ಕಿದೆ. 1941 ಮತ್ತು ಅನಂತರ ತೀರಿಕೊಂಡ ನಮ್ಮ ಲೇಖಕರೆಲ್ಲ ಬಹುಮಟ್ಟಿಗೆ ಆ ಗುಂಪಿಗೆ ಬರುತ್ತಾರೆ. ಹಾಗಾಗಿ 1955ರಲ್ಲಿ ಪ್ರಕಟವಾದ ಕಾದಂಬರಿ ಇಲ್ಲಿ ಮುಕ್ತವಾಗಿದ್ದರೂ ಅಲ್ಲಿ 2050ರ ಕೊನೆಯವರೆಗೆ ಹಕ್ಕಿನಲ್ಲಿರಬಹುದು. ಯೂಟ್ಯೂಬ್, ಇಂಟರ್ನೆಟ್ ಆರ್ಕೈವ್ ಎರಡೂ ಅಮೆರಿಕದ ಸಂಸ್ಥೆಗಳು, ದೂರು ಬಂದರೆ ಅಲ್ಲಿನ ಕಾನೂನಿನಂತೆ ತೆಗೆಯುತ್ತವೆ.

ಸ್ಟ್ರೈಕ್ ಬಂದ ಕೂಡಲೇ ಸಿಟ್ಟಿನಲ್ಲಿ ಕೌಂಟರ್ ನೋಟಿಫಿಕೇಶನ್ (ದೂರು ತಪ್ಪು, ವಿಡಿಯೊ ವಾಪಸ್ ಹಾಕಿ ಎಂಬ ಕಾನೂನುಬದ್ಧ ಪ್ರತಿ-ಹೇಳಿಕೆ) ಒತ್ತಬೇಡಿ. ನಿಮ್ಮ ಹೆಸರು, ವಿಳಾಸ ದೂರುದಾರರಿಗೆ ಹೋಗುತ್ತದೆ, ಅಮೆರಿಕದ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿ ಸಹಿ ಹಾಕಿದಂತೆಯೂ ಆಗುತ್ತದೆ. ದೂರುದಾರರು 10 ಕೆಲಸದ ದಿನದೊಳಗೆ ದಾವೆ ಹೂಡಿದ ಪುರಾವೆ ಕೊಡದಿದ್ದರೆ ವಿಡಿಯೊ ವಾಪಸ್ ಬರಬಹುದು. ಆದರೆ ಬರೀ ಮೂಲಪಠ್ಯ ಓದಿದ್ದೀರಿ, ದಾಖಲೆ ಇದೆ, ಅಮೆರಿಕದ ಲೆಕ್ಕವೂ ಮುಗಿದಿದೆ ಎಂದಾಗ ಮಾತ್ರ ಆ ದಾರಿ. ಮುನ್ನುಡಿ, ಹಾಡು ಸೇರಿದ್ದರೆ ದೂರುದಾರರಿಗೆ ನೇರ ಬರೆದು, ತಪ್ಪಿದ ಭಾಗ ತೆಗೆದೇ ಮತ್ತೆ ಹಾಕುತ್ತೇವೆಂದು ಒಪ್ಪಿಸಿ, ದೂರು ಹಿಂಪಡೆಯಲು ಕೇಳಿ. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಕಾಲವಲ್ಲ: ಗೊತ್ತಿದ್ದೂ ಹಕ್ಕು ಉಲ್ಲಂಘಿಸುವುದು ಕಾಪಿರೈಟ್ ಕಾಯ್ದೆಯ ಸೆಕ್ಷನ್ 63ರಡಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಶಿಕ್ಷೆ 3 ವರ್ಷದವರೆಗೆ.