ಡಿವಿಆರ್, ಎನ್‌ವಿಆರ್, ಇಲ್ಲಾ ಸ್ವಂತ ಕಂಪ್ಯೂಟರ್: ಮನೆ ಕ್ಯಾಮೆರಾಕ್ಕೆ ಯಾವ ವೈರು?

ಮನೆಗೆ ಕ್ಯಾಮೆರಾ ಹಾಕಿಸುವವರು ಮೊದಲು ಕೇಳುವುದು ಎಷ್ಟು ಮೆಗಾಪಿಕ್ಸೆಲ್ ಅಂತ. ನಾನಾದರೆ ಗೋಡೆಯೊಳಗೆ ಯಾವ ವೈರು ಇದೆ ಅಂತ ಕೇಳುತ್ತೇನೆ. ಕ್ಯಾಮೆರಾ ಹಿಡಿಸದಿದ್ದರೆ ಏಣಿ ಹತ್ತಿ ಬಿಚ್ಚಿ ಇನ್ನೊಂದು ಹಾಕಬಹುದು. ವೈರು ಒಮ್ಮೆ ಪೈಪಿನೊಳಗೆ ಹೋಗಿ ಮೇಲೆ ಗಾರೆ ಬಿತ್ತು ಅಂದ್ರೆ, ಆಮೇಲೆ ಅದು ಹೇಳಿದ ಹಾಗೆ ನೀವು ಕೇಳಬೇಕು.

ವೈಫೈ ಕ್ಯಾಮೆರಾಗಳ ಮಾತು ಇಲ್ಲಿ ಬೇಡ. ಇಡೀ ದಿನ ರೆಕಾರ್ಡ್ ಆಗಬೇಕು ಅಂದರೆ ಅವಕ್ಕೂ ಕರೆಂಟಿನ ವೈರು ಬೇಕೇ ಬೇಕು. ಹೇಗೂ ಒಂದು ವೈರು ಎಳೆಯುವುದಾದರೆ ವಿಡಿಯೊ ಕೂಡ ಅದರಲ್ಲೇ ಬರಲಿ, ಅಲ್ವಾ?

ವೈರಿನಲ್ಲಿ ಮೂರು ದಾರಿಗಳಿವೆ. ಕೋಆಕ್ಸ್ ಕೇಬಲ್ (ಟಿವಿ ಕೇಬಲ್‌ನಂಥ ದುಂಡು ವೈರು) ಮೇಲೆ ಓಡುವ ಎಚ್‌ಡಿ ಅನಲಾಗ್ ಕ್ಯಾಮೆರಾ ಮತ್ತು ಅದರ ರೆಕಾರ್ಡರ್ ಡಬ್ಬಿಯಾದ ಡಿವಿಆರ್ ಒಂದು. ಕಂಪ್ಯೂಟರ್ ನೆಟ್‌ವರ್ಕಿನ ಲ್ಯಾನ್ ವೈರಿನಲ್ಲಿ ನಡೆಯುವ ಐಪಿ ಕ್ಯಾಮೆರಾ ಮತ್ತು ಪಿಒಇ ಪೋರ್ಟ್ (ಅದೇ ವೈರಿನಲ್ಲಿ ಕರೆಂಟನ್ನೂ ಕೊಡುವ ಕಿಂಡಿ) ಇರುವ ರೆಕಾರ್ಡರ್, ಅಂದರೆ ಎನ್‌ವಿಆರ್, ಇನ್ನೊಂದು. ಅದೇ ಐಪಿ ಕ್ಯಾಮೆರಾ ಇಟ್ಟುಕೊಂಡು, ಎನ್‌ವಿಆರ್ ಬದಲು ಪಿಒಇ ಸ್ವಿಚ್ಚು (ಹಲವು ಲ್ಯಾನ್ ವೈರು ಸೇರಿಸುವ ಡಬ್ಬಿ) ಮತ್ತು ಸ್ವಂತ ಕಂಪ್ಯೂಟರ್ ಬಳಸುವುದು ಮೂರನೆಯದು. ಮೂರನ್ನೂ ಒಂದೇ ಗೇಟಿಗೆ ಮುಖ ಮಾಡಿ ಪಕ್ಕಪಕ್ಕದಲ್ಲಿ ಕೂರಿಸಿ ಓಡಿಸಿದ್ದೇನೆ.

ಕೋಆಕ್ಸ್ ಮತ್ತು ಡಿವಿಆರ್

ಇದನ್ನು ಹಳೇ ಕಾಲದ್ದು ಅಂತ ತಳ್ಳಿಹಾಕುವವರು ಜಾಸ್ತಿ. ನಾನು ಹಾಗೆ ಮಾಡುವುದಿಲ್ಲ. ಬಿಎನ್‌ಸಿ ಕನೆಕ್ಟರ್ ಸಿಕ್ಕಿಸಿ ತಿರುಗಿಸಿದರೆ ಚಿತ್ರ ಬಂತು. ಐಪಿ ವಿಳಾಸ ಇಲ್ಲ, ಪಾಸ್‌ವರ್ಡ್ ಇಲ್ಲ, ಕ್ಯಾಮೆರಾಕ್ಕೆ ಫರ್ಮ್‌ವೇರ್ ಅಪ್‌ಡೇಟ್ ಅನ್ನುವ ತಲೆಬಿಸಿಯೂ ಇಲ್ಲ. ದೂರದ ವಿಷಯದಲ್ಲೂ ಇದು ಮುಂದೆ. ಲ್ಯಾನ್ ವೈರಿಗೆ 100 ಮೀಟರ್ ಗಡಿ. ಒಳ್ಳೆ ತಾಮ್ರದ ಕೋಆಕ್ಸ್‌ನಲ್ಲಿ 1080ಪಿ (1920×1080 ಪಿಕ್ಸೆಲ್) ಚಿತ್ರ ಅದರ ಎರಡರಷ್ಟು ದೂರವೂ ಸಲೀಸಾಗಿ ಹೋಗುತ್ತದೆ. ಮಾನಿಟರ್‌ನಲ್ಲಿ ನೋಡುವಾಗ ತಡವೂ ಇಲ್ಲ. ಗೇಟು ತೆಗೆದ ಸದ್ದು ಕೇಳುವ ಹೊತ್ತಿಗೆ ಗೇಟು ಪರದೆಯ ಮೇಲೂ ತೆರೆದಿರುತ್ತದೆ. ಐಪಿ ಕ್ಯಾಮೆರಾದಲ್ಲಿ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಹಿಂದೆ ಬೀಳುತ್ತದೆ.

ಇದರ ತೊಂದರೆ ಶುರುವಾಗುವುದು ಕರೆಂಟಿನಲ್ಲಿ. ಡಿವಿಆರ್ ಪಕ್ಕದ ಎಸ್‌ಎಂಪಿಎಸ್ ಅನ್ನುವ ಕರೆಂಟಿನ ಡಬ್ಬಿಯಿಂದ 12 ವೋಲ್ಟ್ ಹೊರಡುತ್ತದೆ. ಸಣ್ಣ ತಂತಿಯಲ್ಲಿ ದೂರ ಹೋದಷ್ಟೂ ಅದು ಇಳಿಯುತ್ತದೆ. ಗೇಟಿನ ಹತ್ತಿರದ ಕ್ಯಾಮೆರಾ ಹಗಲಿಡೀ ಚೆನ್ನಾಗಿ ನಡೆದು, ಕತ್ತಲಾದ ಕೂಡಲೇ ಟಕ್ ಅಂತ ಆರಿ, ಮತ್ತೆ ಹತ್ತಿ, ಮತ್ತೆ ಆರುತ್ತಿತ್ತು. ಆ ತುದಿಯಲ್ಲಿ ಮಲ್ಟಿಮೀಟರ್ ಇಟ್ಟೆ. ಹಗಲಲ್ಲಿ 11ರ ಮೇಲಿದ್ದ ವೋಲ್ಟೇಜ್, ಕತ್ತಲಲ್ಲಿ ನೋಡಲು ಕ್ಯಾಮೆರಾದಲ್ಲೇ ಇರುವ ಐಆರ್ (ಇನ್‌ಫ್ರಾರೆಡ್) ದೀಪ ಹತ್ತಿದ ತಕ್ಷಣ 9ಕ್ಕೆ ಬಂತು. ಕ್ಯಾಮೆರಾ ಸತ್ತಿತು, ದೀಪವೂ ಆರಿತು. ಹೊರೆ ಇಳಿದದ್ದೇ ವೋಲ್ಟೇಜ್ ಮತ್ತೆ ಮೇಲೆ ಬಂತು, ಕ್ಯಾಮೆರಾ ಎದ್ದಿತು, ಕತ್ತಲು ನೋಡಿ ದೀಪ ಹಚ್ಚಿತು. ರಾತ್ರಿಯಿಡೀ ಇದೇ ಆಟ. ಹೊಸ ಕ್ಯಾಮೆರಾ ತಂದರೂ ಅದೇ ಆಗುತ್ತದೆ. ದಪ್ಪ ತಂತಿ ಹಾಕಬೇಕು, ಇಲ್ಲಾ ಕ್ಯಾಮೆರಾದ ಪಕ್ಕದಲ್ಲೇ ಒಂದು ಅಡಾಪ್ಟರ್ ಕೊಡಬೇಕು.

ಇನ್ನೊಂದು ವಿಷಯ ಮಾರುವವರು ಹೇಳುವುದಿಲ್ಲ. ಡಿವಿಆರ್ ಡಬ್ಬಿಯ ಮೇಲೆ 1080 ಅಂತ ದೊಡ್ಡದಾಗಿ ಇರುತ್ತದೆ. ಮೆನುವಿನಲ್ಲಿ ಎನ್‌ಕೋಡ್ ಸೆಟ್ಟಿಂಗ್ ತೆಗೆದು ನೋಡಿ, ಕೆಲವದರಲ್ಲಿ 1080ಎನ್ ಅಥವಾ 1080 ಲೈಟ್ ಅಂತ ಇರುತ್ತದೆ. ಅದರ ಅರ್ಥ 960×1080. ಅಂದರೆ ಅಗಲದ 1920 ಪಿಕ್ಸೆಲ್‌ನಲ್ಲಿ ಅರ್ಧ ಮಾತ್ರ ಡಿಸ್ಕಿಗೆ ಹೋಗುತ್ತದೆ. ಲೈವ್ ನೋಡುವಾಗ ಗೊತ್ತೇ ಆಗುವುದಿಲ್ಲ. ಪ್ಲೇಬ್ಯಾಕ್‌ನಲ್ಲಿ ಗಾಡಿಯ ನಂಬರ್ ಪ್ಲೇಟ್ ಜೂಮ್ ಮಾಡಿದಾಗ 3 ಯಾವುದು, 8 ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ನಾನು ಹೋಲಿಸಿದ ಎರಡು ಡಿವಿಆರ್‌ಗಳಲ್ಲಿ ಒಂದು ಹೀಗೆ ಇತ್ತು. ಕ್ಯಾಮೆರಾ ಅದೇ, ಕೇಬಲ್ ಅದೇ, ಫೂಟೇಜ್ ಮಾತ್ರ ಬೇರೆಯದೇ ಮನೆಯದು ಅನ್ನುವ ಹಾಗೆ.

ಚಿತ್ರದ ಮೇಲೆ ಅಡ್ಡ ಗೆರೆಗಳು ಕೆಳಗಿನಿಂದ ಮೇಲಕ್ಕೆ ಹರಿಯುತ್ತಿದ್ದರೆ ಅದು ಅರ್ತಿಂಗ್ ಸಮಸ್ಯೆ. ಕಬ್ಬಿಣದ ಕಂಬಕ್ಕೆ ಕಟ್ಟಿದ ಕ್ಯಾಮೆರಾಗಳಲ್ಲಿ ಜಾಸ್ತಿ. ನಡುವೆ ಪ್ಲಾಸ್ಟಿಕ್ ಬಾಕ್ಸ್ ಕೊಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

ಪಿಒಇ ಮತ್ತು ಎನ್‌ವಿಆರ್

ಇಲ್ಲಿ ಒಂದೇ ಲ್ಯಾನ್ ವೈರಿನಲ್ಲಿ ಕರೆಂಟು, ವಿಡಿಯೊ, ಮೈಕ್ ಇದ್ದರೆ ದನಿ, ಎಲ್ಲವೂ ಬರುತ್ತದೆ. 2003ರ 802.3ಎಎಫ್ ಮಾನದಂಡದ ಪ್ರಕಾರ ಪೋರ್ಟ್ 15.4 ವಾಟ್ ಕೊಡುತ್ತದೆ, ಕ್ಯಾಮೆರಾಕ್ಕೆ 12.95 ವಾಟ್ ಖಾತ್ರಿ. ಮನೆಯ ಸಾಮಾನ್ಯ ಕ್ಯಾಮೆರಾಕ್ಕೆ ಧಾರಾಳ ಸಾಕು. ತಿರುಗುವ ದೊಡ್ಡ ಕ್ಯಾಮೆರಾ ಬೇಕಿದ್ದರೆ ಮಾತ್ರ 30 ವಾಟಿನ 802.3ಎಟಿ ಪೋರ್ಟ್ ನೋಡಬೇಕು. ಕರೆಂಟು ಹೋಗುವುದು 48 ವೋಲ್ಟ್ ಆಸುಪಾಸಿನಲ್ಲಿ. 12 ವೋಲ್ಟಿಗೆ ಹೋಲಿಸಿದರೆ ಅದೇ ವಾಟಿಗೆ ಕಾಲು ಭಾಗ ಆಂಪಿಯರ್ ಸಾಕು. ತಂತಿಯಲ್ಲಿ ಸೋರುವುದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಲೆ ಹೇಳಿದ ಆರುವ ಹತ್ತುವ ಆಟ ಇಲ್ಲಿ ನನಗೆ ಒಮ್ಮೆಯೂ ಸಿಗಲಿಲ್ಲ.

ಆದರೆ ವೈರು ನಿಜವಾದ ತಾಮ್ರದ್ದಾಗಿರಬೇಕು. ಸಿಸಿಎ ಅಂತ ಬರುವ ಕೇಬಲ್ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದರಲ್ಲಿ ತಡೆ ಜಾಸ್ತಿ, ಬಗ್ಗಿಸಿದರೆ ಎಳೆ ಮುರಿಯುತ್ತದೆ, ಕ್ರಿಂಪ್ ಮಾಡಿದ ಜಾಗ ದಿನ ಕಳೆದಂತೆ ಸಡಿಲವಾಗುತ್ತದೆ.

ಪೋರ್ಟಿಗೆ ಸಿಕ್ಕಿಸಿದರೆ ಅದೇ ಕಂಪನಿಯ ಕ್ಯಾಮೆರಾವನ್ನು ಎನ್‌ವಿಆರ್ ತಾನೇ ಗುರುತಿಸಿ, ವಿಳಾಸ ಕೊಟ್ಟು, ರೆಕಾರ್ಡ್ ಶುರು ಮಾಡುತ್ತದೆ. ಬೇರೆ ಕಂಪನಿಯದ್ದಾದರೆ ಆನ್‌ವಿಫ್ ಮೂಲಕ ಸೇರಿಸಬೇಕು. ಇದು 2008ರಲ್ಲಿ ಆಕ್ಸಿಸ್, ಬಾಶ್, ಸೋನಿ ಸೇರಿ ಶುರು ಮಾಡಿದ ಸಾಮಾನ್ಯ ಭಾಷೆ. ವಿಡಿಯೊ ಬರುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಕ್ಯಾಮೆರಾ ಮನುಷ್ಯನನ್ನು ಕಂಡಿತು ಅನ್ನುವ ಸುದ್ದಿ ಎನ್‌ವಿಆರ್‌ಗೆ ತಲುಪುತ್ತದೆ ಅನ್ನುವ ಭರವಸೆ ಇಲ್ಲ. ನನ್ನಲ್ಲಿ ಒಂದು ಜೋಡಿ ಹೀಗೇ ಮುನಿಸಿಕೊಂಡಿತ್ತು. ಚಿತ್ರ ಸೊಗಸು, ಅಲರ್ಟ್ ಮಾತ್ರ ಸೊನ್ನೆ.

ಸಣ್ಣ ಎನ್‌ವಿಆರ್‌ನ ಫ್ಯಾನ್ ಕಿರಿಕಿರಿ. ಮಲಗುವ ಕೋಣೆಯಲ್ಲಂತೂ ಇಡಬೇಡಿ. ಹೊರಗೆ ಕ್ಯಾಮೆರಾದ ಬಾಲಕ್ಕೆ ವೈರು ಸೇರುವ ಕಡೆ ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಮುಚ್ಚಳವನ್ನು ಮರೆಯದೆ ಹಾಕಿ, ಜಂಕ್ಷನ್ ಬಾಕ್ಸಿನೊಳಗೆ ಸೇರಿಸಿ. ನೀರು ಇಳಿದರೆ ಆ ಎಂಟು ಪಿನ್ನುಗಳು ಹಸಿರುಗಟ್ಟಲು ಒಂದು ಮಳೆಗಾಲ ಸಾಕು.

ಸ್ವಂತ ಕಂಪ್ಯೂಟರ್

ಫ್ರಿಗೇಟ್, ಬ್ಲೂ ಐರಿಸ್ ಇಲ್ಲಿ ಹೆಚ್ಚು ಕೇಳಿಬರುವ ರೆಕಾರ್ಡಿಂಗ್ ತಂತ್ರಾಂಶಗಳು. ಬ್ಲೂ ಐರಿಸ್ ವಿಂಡೋಸ್ ಮೇಲೆ ನಡೆಯುತ್ತದೆ, ದುಡ್ಡು ಕೊಟ್ಟು ತಗೋಬೇಕು. ಫ್ರಿಗೇಟ್ ಮುಕ್ತ ತಂತ್ರಾಂಶ. ಮನೆಯ ಸ್ಮಾರ್ಟ್ ಸಾಧನಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶದ ಜೊತೆ ಚೆನ್ನಾಗಿ ಹೊಂದುತ್ತದೆ.

ಅಲರ್ಟ್ ವಿಷಯದಲ್ಲಿ ಮೂರರಲ್ಲಿ ಗೆದ್ದದ್ದು ಇದೇ. ಹಳೇ ಡಿವಿಆರ್ ಬರೀ ಪಿಕ್ಸೆಲ್ ಬದಲಾದದ್ದನ್ನು ನೋಡಿ ಕೂಗುತ್ತದೆ. ಗಿಡ ಅಲ್ಲಾಡಿದರೂ, ನೆರಳು ಸರಿದರೂ, ಜೇಡ ಬಲೆ ಕಟ್ಟಿದರೂ ಫೋನ್ ಟಿಣ್ ಅನ್ನುತ್ತದೆ. ಸ್ವಲ್ಪ ದಿನದಲ್ಲಿ ನೀವೇ ಅದನ್ನು ಮ್ಯೂಟ್ ಮಾಡುತ್ತೀರಿ. ಫ್ರಿಗೇಟ್‌ನಲ್ಲಿ ಗೇಟಿನ ಒಳಗಿನ ಜಾಗಕ್ಕೆ ಮಾತ್ರ ಗೆರೆ ಎಳೆದು, ಮನುಷ್ಯ ಬಂದರೆ ಹೇಳು, ನಾಯಿ ಬಂದರೆ ಸುಮ್ನಿರು ಅಂತ ಹೇಳಬಹುದು. ಗುರುತಿಸುವ ಕೆಲಸಕ್ಕೆ ಕ್ಯಾಮೆರಾ ಜೊತೆಗೇ ಕಳಿಸುವ ಕಡಿಮೆ ಪಿಕ್ಸೆಲ್‌ನ ಸಣ್ಣ ಸಬ್‌ಸ್ಟ್ರೀಮ್ ಕೊಟ್ಟು, ರೆಕಾರ್ಡಿಗೆ ದೊಡ್ಡದನ್ನು ಕೊಟ್ಟರೆ ಹಳೇ ಕಂಪ್ಯೂಟರ್ ಕೂಡ ಏದುಸಿರು ಬಿಡುವುದಿಲ್ಲ.

ಹಾಗಂತ ಎಲ್ಲರಿಗೂ ಹೇಳಲಾರೆ. ಸೆಟ್ಟಿಂಗ್ ಫೈಲಿನಲ್ಲಿ ಒಂದು ಸ್ಪೇಸ್ ತಪ್ಪಿದರೆ ಏನೂ ಏಳುವುದಿಲ್ಲ. ಅಪ್‌ಡೇಟ್ ಬಂದಾಗ ಓದಿಕೊಳ್ಳಬೇಕು. ಮುಖ್ಯವಾಗಿ, ನೀವು ಊರಲ್ಲಿ ಇಲ್ಲದ ದಿನ ಅಮ್ಮನೋ ಅಣ್ಣನೋ ‘ಮಧ್ಯಾಹ್ನ ಯಾರು ಬಂದಿದ್ದರು ನೋಡಬೇಕಲ್ಲ’ ಅಂದರೆ ಫೋನಿನಲ್ಲಿ ವಿವರಿಸಬೇಕು. ಎನ್‌ವಿಆರ್‌ನಲ್ಲಾದರೆ ಮೌಸ್ ಹಿಡಿದು ಟೈಮ್‌ಲೈನ್ ಎಳೆದರೆ ಆಯಿತು. ಮನೆಯವರೆಲ್ಲ ಬಳಸುವ ವಸ್ತು ಅಂತ ಯೋಚಿಸಿದರೆ ನನ್ನ ಮತ ಎನ್‌ವಿಆರ್‌ಗೇ.

ರಾತ್ರಿ ಯಾವುದು ಗೆದ್ದಿತು

ಹಗಲಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಅಂಗಡಿಯಲ್ಲಿ ತೋರಿಸುವುದೂ ಹಗಲಿನ ಚಿತ್ರವನ್ನೇ. ನಿಜವಾದ ವ್ಯತ್ಯಾಸ ದೀಪ ಆರಿದ ಮೇಲೆ.

ಸಣ್ಣ ಸೆನ್ಸರ್‌ನ (ಬೆಳಕು ಹಿಡಿಯುವ ಚಿಪ್) 8 ಮೆಗಾಪಿಕ್ಸೆಲ್ ಐಪಿ ಕ್ಯಾಮೆರಾ, 1/1.8 ಇಂಚು ಸೆನ್ಸರ್‌ನ 4 ಮೆಗಾಪಿಕ್ಸೆಲ್ ಐಪಿ ಕ್ಯಾಮೆರಾ, 2 ಮೆಗಾಪಿಕ್ಸೆಲ್‌ನ ಕೋಆಕ್ಸ್ ಕ್ಯಾಮೆರಾ, ಮೂರೂ ಒಂದೇ ಎತ್ತರದಲ್ಲಿದ್ದವು. ಗಾಢ ಬಣ್ಣದ ಅಂಗಿ ಹಾಕಿದ ಗೆಳೆಯನನ್ನು ಗೇಟಿನಿಂದ ಬಾಗಿಲವರೆಗೆ ಮಾಮೂಲಿ ನಡಿಗೆಯಲ್ಲಿ ನಡೆಸಿದೆ. 8 ಮೆಗಾಪಿಕ್ಸೆಲ್‌ನಲ್ಲಿ ಗೋಡೆಯ ಇಟ್ಟಿಗೆ ಎಣಿಸಬಹುದಿತ್ತು, ನಡೆದವನ ಮುಖ ಮಾತ್ರ ಕಲಸಿದ ಬಿಳಿ ಉಂಡೆ. 4ರಲ್ಲಿ ಮೀಸೆ, ಕನ್ನಡಕ ಎರಡೂ ಕಂಡವು. ಕೋಆಕ್ಸಿನದ್ದು ನಡುವೆ ನಿಂತಿತು. ಗುರುತಿದ್ದವರನ್ನು ಅವನೇ ಅಂತ ಹೇಳಬಹುದು, ಗುರುತಿಲ್ಲದವರ ಮುಖ ಪೊಲೀಸರಿಗೆ ತೋರಿಸಲು ಸಾಲದು.

ಯಾಕೆ ಹೀಗೆ? ಕತ್ತಲಲ್ಲಿ ಬೆಳಕು ಸಾಲದೆ ಕ್ಯಾಮೆರಾ ತನ್ನಷ್ಟಕ್ಕೆ ಶಟರ್ ನಿಧಾನ ಮಾಡಿಕೊಳ್ಳುತ್ತದೆ. 1/12 ಸೆಕೆಂಡಿಗೆ ಇಳಿದರೆ, ಅಷ್ಟರಲ್ಲಿ ನಡೆಯುವವನು ಹತ್ತು ಹನ್ನೆರಡು ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಅಂದರೆ ಮುಖದ ಅಗಲದಷ್ಟು ಕಲಸಿಹೋಗುತ್ತದೆ. ದೊಡ್ಡ ಸೆನ್ಸರ್‌ನಲ್ಲಿ ಪಿಕ್ಸೆಲ್ ಕಡಿಮೆ ಇದ್ದಾಗ ಒಂದೊಂದು ಪಿಕ್ಸೆಲ್‌ಗೂ ಹಲವು ಪಟ್ಟು ಜಾಗ ಸಿಗುತ್ತದೆ, ಬೆಳಕೂ ಅಷ್ಟೇ ಜಾಸ್ತಿ. ಹಾಗಾಗಿ ಶಟರ್ ವೇಗ ಉಳಿಯುತ್ತದೆ. ಸೆಟ್ಟಿಂಗ್‌ನಲ್ಲಿ ಶಟರ್ ಅನ್ನು 1/60 ಅಥವಾ 1/100ಕ್ಕೆ ಕಟ್ಟಿಹಾಕಿ ನೋಡಿ. ಚಿತ್ರ ಕಪ್ಪಾಗುತ್ತದೆ, ಮುಖ ಗಟ್ಟಿಯಾಗುತ್ತದೆ. ಇಂಥ ಸೆನ್ಸರ್‌ಗಳು ಐಪಿ ಕಡೆಯೇ ಹೆಚ್ಚು ಸಿಗುತ್ತವೆ. ಪಿಒಇ ಕಡೆಗೆ ನಾನು ವಾಲಲು ಇದು ದೊಡ್ಡ ಕಾರಣ.

ಲೆನ್ಸ್ ಬಗ್ಗೆಯೂ ಒಂದು ಲೆಕ್ಕ ಇಟ್ಟುಕೊಳ್ಳಿ. 2014ರ ಐಇಸಿ 62676-4 ಮಾನದಂಡದ ಪ್ರಕಾರ ಅಪರಿಚಿತನ ಗುರುತು ಹಿಡಿಯಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು, ಪರಿಚಿತನಿಗೆ 125 ಸಾಕು. ಎಲ್ಲರೂ ಹಾಕುವ 2.8 ಎಂಎಂ ಲೆನ್ಸ್ ಅಂಗಳ ಪೂರ್ತಿ ತೋರಿಸುತ್ತದೆ. ಆದರೆ 1080ಪಿ ಕ್ಯಾಮೆರಾದಲ್ಲಿ ಆ 250 ಪಿಕ್ಸೆಲ್ ಸಿಗುವುದು ಮೂರು ಮೀಟರ್ ಒಳಗೆ ಮಾತ್ರ. 4 ಮೆಗಾಪಿಕ್ಸೆಲ್‌ನಲ್ಲೂ ನಾಲ್ಕು ಮೀಟರ್ ಆಸುಪಾಸು. ಗೇಟು ದೂರ ಇದ್ದರೆ ಅಲ್ಲಿಗೆ 6 ಎಂಎಂ ಲೆನ್ಸಿನ ಒಂದು ಕ್ಯಾಮೆರಾ ಬೇರೆಯೇ ಕೊಡಿ. ತೀರಾ ಎತ್ತರದಲ್ಲೂ ಹಾಕಬೇಡಿ, ಟೋಪಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಎರಡೂವರೆ ಮೀಟರ್ ಆಚೀಚೆ ಸಾಕು.

ಡಿಸ್ಕ್ ಮತ್ತು ಇಂಟರ್ನೆಟ್

ವಿಡಿಯೊ ಕುಗ್ಗಿಸುವ ಎಚ್.265 ವಿಧಾನದಲ್ಲಿ 4 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಅಂತ ಇಟ್ಟುಕೊಂಡರೆ ದಿನಕ್ಕೆ ಸುಮಾರು 43 ಜಿಬಿ. ನಾಲ್ಕು ಕ್ಯಾಮೆರಾ ಬಿಡದೆ ಓಡಿದರೆ 2 ಟಿಬಿ ಡಿಸ್ಕಿನಲ್ಲಿ ಹನ್ನೊಂದು ದಿನ ಉಳಿಯುತ್ತದೆ. ಕಣ್ಗಾವಲಿಗೆ ಅಂತಲೇ ಬರುವ ಡಿಸ್ಕ್ ಹಾಕಿ. ಮೂಲೆಯಲ್ಲಿ ಬಿದ್ದಿರುವ ಮಾಮೂಲಿ ಡಿಸ್ಕನ್ನು ಹಗಲು ರಾತ್ರಿ ಬರೆಯುವ ಈ ಕೆಲಸಕ್ಕೆ ಹಚ್ಚಬೇಡಿ.

ಇಂಟರ್ನೆಟ್ ವಿಷಯದಲ್ಲಿ ಮೂರಕ್ಕೂ ಒಂದೇ ಎಚ್ಚರಿಕೆ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದು ಸೈನ್ಯ ಕಟ್ಟಿತು. ಆ ವರ್ಷ ಅಕ್ಟೋಬರ್ 21ರಂದು ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ನಡೆದ ದಾಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೂ ತಡವರಿಸಿದವು. ಅಂದರೆ ಕ್ಯಾಮೆರಾದಲ್ಲಿ ಪಾಸ್‌ವರ್ಡ್ ಇಲ್ಲದಿದ್ದರೂ ಡಿವಿಆರ್‌ಗೆ ಕಾವಲು ಬೇಕೇ ಬೇಕು. ಹೊರಗಿನಿಂದ ಒಳಬರಲು ರೂಟರ್‌ನಲ್ಲಿ ಪೋರ್ಟ್ ತೆರೆಯಬೇಡಿ. ಹೊರಗಿನಿಂದ ನೋಡಬೇಕಿದ್ದರೆ ವಿಪಿಎನ್ (ಮನೆಯ ನೆಟ್‌ವರ್ಕಿಗೆ ಬೀಗ ಹಾಕಿದ ಖಾಸಗಿ ದಾರಿ) ಬಳಸಿ. ಈ ವಿಷಯದಲ್ಲಿ ಪಿಒಇ ಎನ್‌ವಿಆರ್‌ಗೆ ಒಂದು ಅನುಕೂಲ ಇದೆ. ಅದರ ಹಿಂಬದಿಯ ಪೋರ್ಟ್‌ಗಳಿಗೆ ಸಾಮಾನ್ಯವಾಗಿ ಬೇರೆಯದೇ ನೆಟ್‌ವರ್ಕ್ ಇರುವುದರಿಂದ ಕ್ಯಾಮೆರಾಗಳು ಮನೆಯ ಉಳಿದ ಸಾಧನಗಳ ಜೊತೆ ಬೆರೆಯುವುದಿಲ್ಲ. ಕಂಪ್ಯೂಟರ್ ದಾರಿಯಲ್ಲಿ ಆ ಬೇಲಿಯನ್ನು ನೀವೇ ಹಾಕಿಕೊಳ್ಳಬೇಕು.

ಗೋಡೆಯಲ್ಲಿ ಆಗಲೇ ಒಳ್ಳೆ ಕೋಆಕ್ಸ್ ಇದ್ದರೆ ಒಡೆಸಲು ಹೋಗಬೇಡಿ. ಕೋಆಕ್ಸ್, ಐಪಿ ಎರಡನ್ನೂ ತಗೊಳ್ಳುವ ಹೈಬ್ರಿಡ್ ಡಿವಿಆರ್‌ಗಳು ಸಿಗುತ್ತವೆ. ಹಳೇ ಕ್ಯಾಮೆರಾಗಳನ್ನು ಹಾಗೇ ಇಟ್ಟು, ಗೇಟಿಗೆ ಮಾತ್ರ ಒಂದು ಲ್ಯಾನ್ ವೈರು ಎಳೆದು ದೊಡ್ಡ ಸೆನ್ಸರ್‌ನದ್ದನ್ನು ಕೂರಿಸಿ. ಕೋಆಕ್ಸ್ ಮೇಲೆಯೇ ಐಪಿ ಓಡಿಸುವ ಅಡಾಪ್ಟರ್ ಜೋಡಿಯನ್ನೂ ನೋಡಿದೆ. ಕೆಲಸ ಮಾಡುತ್ತದೆ, ಆದರೆ ಎರಡು ತುದಿಗೂ ಒಂದೊಂದು ಡಬ್ಬಿ, ಕೆಡಲು ಇನ್ನೆರಡು ಜಾಗ. ಹೊಸದಾಗಿ ಪೈಪು ಹಾಕಿಸುತ್ತಿರುವವರು ಪ್ರತಿ ಕ್ಯಾಮೆರಾ ಜಾಗಕ್ಕೂ ತಾಮ್ರದ ಕ್ಯಾಟ್ 6 ಲ್ಯಾನ್ ವೈರು ಎಳೆಸಿ, ಗೇಟಿನ ಕಡೆಗೆ ಎರಡು. ಒಂದು ಈಗಿನ ಕ್ಯಾಮೆರಾಕ್ಕೆ, ಇನ್ನೊಂದು ಮುಂದೆ ವಿಡಿಯೊ ಕಾಲಿಂಗ್ ಬೆಲ್ ಬೇಕು ಅನ್ನಿಸಿದಾಗ.