ಬುಟ್ಟಿ ಎತ್ತುವ ಲೆಗೊ ರಾಟೆ: ಕೈಬಿಟ್ಟರೂ ನಿಂತದ್ದು ಯಾವ ಗೇರ್?

ನಮ್ಮದು ಮೈಸೂರಿನಲ್ಲಿ ಮೊದಲ ಮಹಡಿಯ ಮನೆ. ಬೆಳಿಗ್ಗೆ ಹೂವಿನಮ್ಮ ಬೀದಿಯಿಂದ ಕೂಗಿದರೆ ಅಮ್ಮ ಮೆಟ್ಟಿಲಿಳಿಯಬೇಕು. ಮಂಡಿನೋವಿನ ಕಾಲಿಗೆ ಅದು ದಿನವೂ ಶಿಕ್ಷೆ. ದಾರಕ್ಕೆ ಬುಟ್ಟಿ ಕಟ್ಟಿ ಕೈಯಿಂದಲೇ ಇಳಿಬಿಡಬಹುದು, ನಿಜ. ಆದರೆ ಎರಡು ಮೊಳ ಮಲ್ಲಿಗೆಗೆ ಚಿಲ್ಲರೆ ಎಣಿಸುವಷ್ಟು ಹೊತ್ತು ಬುಟ್ಟಿ ತಾನಾಗಿಯೇ ನಿಂತಿರಬೇಕು, ಅಮ್ಮನ ಎರಡೂ ಕೈ ಬಿಡುವಾಗಿರಬೇಕು. ಮಗಳ ಪೆಟ್ಟಿಗೆಯಲ್ಲಿದ್ದ ಲೆಗೊ ಟೆಕ್ನಿಕ್ (ಹಲ್ಲುಚಕ್ರ, ಅಚ್ಚುಗಳಿರುವ ಜೋಡಿಸುವ ಆಟಿಕೆ) ತುಂಡುಗಳಿಂದ ಒಂದು ರಾಟೆ ಮಾಡಲು ಕೂತದ್ದು ಇದಕ್ಕಾಗಿ. ಮೂರು ಬಗೆಯಲ್ಲಿ ಕಟ್ಟಿದೆ. ಮೂರಕ್ಕೂ ಪರೀಕ್ಷೆ ಒಂದೇ: 200 ಗ್ರಾಂ ಸಕ್ಕರೆಯ ಪೊಟ್ಟಣ, ಮೂರು ಮೀಟರ್ ಎತ್ತರ, ಒಂದು ಸುತ್ತಿಗೆ ಏಳೂವರೆ ಸೆಂಟಿಮೀಟರ್ ದಾರ ಹಿಡಿಯುವ ಉರುಳೆ. ಅಂದರೆ ಪೊಟ್ಟಣ ಮೇಲೆ ಬರಲು ಉರುಳೆ 40 ಸುತ್ತು ತಿರುಗಬೇಕು.

ಮೊದಲನೆಯದು ಸಾದಾ ಹಲ್ಲುಚಕ್ರಗಳ ಜೋಡಿ. ಹಿಡಿಯ ಅಚ್ಚಿಗೆ 8 ಹಲ್ಲಿನದು, ಉರುಳೆಯ ಅಚ್ಚಿಗೆ 24 ಹಲ್ಲಿನದು. ಹಿಡಿ ಮೂರು ಸುತ್ತು ತಿರುಗಿದರೆ ಉರುಳೆ ಒಂದು ಸುತ್ತು. ಒಟ್ಟು 120 ಸುತ್ತು. ಕಟ್ಟುವುದು ಬಲು ಸುಲಭ, ಏಕೆಂದರೆ ಈ ಎರಡು ಚಕ್ರಗಳ ನಡುವಿನ ಅಂತರ ಸರಿಯಾಗಿ 16 ಮಿಲಿಮೀಟರ್, ಲೆಗೊ ಲೆಕ್ಕದಲ್ಲಿ ಎರಡು ಗುಬುಟು, ಅಂದರೆ ಇಟ್ಟಿಗೆಯ ಮೇಲಿನ ಉಬ್ಬು. ತೊಲೆಯ ರಂಧ್ರಗಳಿಗೆ ಹಾಗೇ ಕೂರುತ್ತದೆ. ತಿರುಗಿಸುವ ಸುಖ ಇದರಲ್ಲೇ ಹೆಚ್ಚು. ಆದರೆ ಹಿಡಿ ಬಿಟ್ಟ ಕ್ಷಣ ಪೊಟ್ಟಣ ಬಾವಿಗೆ ಬಿದ್ದ ಕೊಡದಂತೆ ಧಡಾರನೆ ಇಳಿಯಿತು. 24ರ ಬದಲು 40 ಹಲ್ಲಿನದು ಹಾಕಿ ನೋಡಿದೆ. ಇಳಿಯುವುದು ನಿಧಾನವಾಯಿತು, ನಿಲ್ಲಲಿಲ್ಲ.

ಎರಡನೆಯದು ಅದೇ ಜೋಡಿಗೆ ಒಂದೇ ದಿಕ್ಕಿಗೆ ತಿರುಗಲು ಬಿಡುವ ರ್‍ಯಾಚೆಟ್. ಉರುಳೆಯ ಚಕ್ರದ ಹಲ್ಲಿಗೆ ಒಂದು ಕೊಕ್ಕೆ, ಅದನ್ನು ಒತ್ತಿ ಹಿಡಿಯಲು ರಬ್ಬರ್ ಬ್ಯಾಂಡ್. ಮೇಲೆತ್ತುವಾಗ ಟಕಟಕ ಸದ್ದು, ಕೈಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಮಗಳಿಗೆ ಇದೇ ಇಷ್ಟ. ನನಗೂ ಒಂದು ದಿನ ಇದೇ ಸಾಕೆನ್ನಿಸಿತ್ತು. ತೊಡಕು ಇಳಿಸುವಾಗ: ಒಂದು ಕೈ ಕೊಕ್ಕೆಯನ್ನು ಎತ್ತಿ ಹಿಡಿಯಬೇಕು, ಇನ್ನೊಂದು ಕೈ ಹಿಡಿಯನ್ನು ತಡೆದುಕೊಂಡಿರಬೇಕು. ಎರಡನೇ ಬೆಳಿಗ್ಗೆ ಅಮ್ಮನ ಕೈ ಜಾರಿತು. ಬುಟ್ಟಿ ಖಾಲಿಯಿತ್ತು, ಕೆಳಗೆ ಯಾರೂ ಇರಲಿಲ್ಲ. ಆದರೂ ಅದನ್ನು ಅಂದೇ ಬಿಚ್ಚಿದೆ. ಜನರ ತಲೆಯ ಮೇಲೆ ತೂಗುವ ವಸ್ತು ಮನುಷ್ಯರ ಎಚ್ಚರವೊಂದನ್ನೇ ನಂಬಿಕೊಂಡಿರಬಾರದು.

ಮೂರನೆಯದು ವರ್ಮ್ ಗೇರ್, ತಿರುಪುಮೊಳೆಯಂತೆ ಸುತ್ತಿಕೊಂಡ ಚಕ್ರ. ಇದು ಒಂದು ಸುತ್ತು ತಿರುಗಿದರೆ ಎದುರಿನ ಚಕ್ರ ಒಂದೇ ಒಂದು ಹಲ್ಲು ಸರಿಯುತ್ತದೆ. ವರ್ಮ್ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ವರ್ಮನ್ನು ತಿರುಗಿಸಲಾರದು. ತಿರುಪಿನ ಇಳಿಜಾರು ಅಷ್ಟು ಸಣ್ಣದು, ಉಜ್ಜುವಿಕೆ ಅಷ್ಟು ಹೆಚ್ಚು. ಹಿಡಿಯನ್ನು ಎಲ್ಲಿ ಬಿಟ್ಟರೂ ಪೊಟ್ಟಣ ಅಲ್ಲಿಯೇ ನಿಂತಿತು. ಕೊಕ್ಕೆ ಬೇಡ, ರಬ್ಬರ್ ಬೇಡ. ಇಳಿಸಲು ಹಿಂದಕ್ಕೆ ತಿರುಗಿಸಿದರಾಯಿತು, ಒಂದೇ ಕೈ ಸಾಕು.

ಆದರೆ 24 ಹಲ್ಲಿನ ಚಕ್ರದ ಜೊತೆ ಇದನ್ನು ಹಾಕಿದರೆ ಲೆಕ್ಕ 960 ಸುತ್ತಿಗೆ ಹೋಗುತ್ತದೆ. ನಾನು ಪೂರ್ತಿ ಸುತ್ತಿ ನೋಡಿದೆ, ತೋಳು ಸೋತಿತು. ಅಮ್ಮನಿಗೆ ಇದನ್ನು ಕೊಡುವ ಮಾತೇ ಇಲ್ಲ. 8 ಹಲ್ಲಿನದಕ್ಕೆ ಬದಲಿಸಿದಾಗ 320ಕ್ಕೆ ಇಳಿಯಿತು. ಆಮೇಲೆ ಉರುಳೆಯ ಜಾಗದಲ್ಲಿ ಟೈರ್ ತೆಗೆದ ದೊಡ್ಡ ಗಾಲಿಯನ್ನು ಹಾಕಿದೆ. ಒಂದು ಸುತ್ತಿಗೆ 13 ಸೆಂಟಿಮೀಟರ್ ದಾರ ಹಿಡಿಯಿತು. ಈಗ ಸುಮಾರು 185 ಸುತ್ತು. ಸಾದಾ ಜೋಡಿಯ 120ಕ್ಕಿಂತ ಹೆಚ್ಚೇ, ಆದರೆ ಹಿಡಿ ಹಗುರವಾಗಿ ತಿರುಗುತ್ತದೆ, ನಡುವೆ ಸುಧಾರಿಸಿಕೊಳ್ಳಬಹುದು.

ವರ್ಮ್ ಬಳಸುವವರು ಒಂದು ವಿಷಯ ಗಮನಿಸಬೇಕು. ಅದು ಅಚ್ಚಿನ ಮೇಲೆ ಜಾರುತ್ತದೆ. ಭಾರ ಬಿದ್ದಾಗ ಪಕ್ಕಕ್ಕೆ ಸರಿದು ಹಲ್ಲು ತಪ್ಪಿಸಬಹುದು, ಹಾಗಾಗಿ ಎರಡೂ ಬದಿಗೆ ಬುಶ್ (ಅಚ್ಚಿಗೆ ತೊಡಿಸುವ ಪುಟ್ಟ ಬಳೆ) ಹಾಕಿ ಬಿಗಿಮಾಡಿ, ಕೂದಲೆಳೆಯಷ್ಟು ಸಡಿಲ ಬಿಡಿ.

ಚೌಕಟ್ಟಿನ ವಿಷಯ ಮೂರಕ್ಕೂ ಒಂದೇ. ಇಟ್ಟಿಗೆಗಳನ್ನು ಬರೀ ಪೇರಿಸಿದರೆ ದಾರದ ಎಳೆತಕ್ಕೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತವೆ. ರಂಧ್ರವಿರುವ ಒಂದು ತೊಲೆಯನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ತೊಲೆಗಳಿಗೆ ಪಿನ್ ಹಾಕಿ ಬಂಧಿಸಬೇಕು. ಆದರೆ ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಗುಬುಟುಗಳ ಅಂತರ 8. ನೇರವಾಗಿ ರಂಧ್ರಗಳು ಕೂಡುವುದಿಲ್ಲ. ಎರಡು ತೊಲೆಗಳ ನಡುವೆ 3.2 ಮಿಲಿಮೀಟರಿನ ಎರಡು ತೆಳು ತಟ್ಟೆಗಳನ್ನಿಟ್ಟರೆ ರಂಧ್ರದಿಂದ ರಂಧ್ರಕ್ಕೆ ಸರಿಯಾಗಿ 16 ಬರುತ್ತದೆ. ಈ ಲೆಕ್ಕ ಮೊದಲ ಬಾರಿ ಕೂಡಿಬಂದಾಗ ನನಗಾದ ಸಂತೋಷ ದೊಡ್ಡದು.

ಧ್ವಜ ಏರಿಸುವಂಥ, ಒಮ್ಮೆ ಎತ್ತಿ ನಿಲ್ಲಿಸಿದರೆ ಮುಗಿಯುವ ಕೆಲಸಕ್ಕಾದರೆ ರ್‍ಯಾಚೆಟ್ ಒಳ್ಳೆಯದು. ದಿನವೂ ಏರುವ, ಇಳಿಯುವ ಬುಟ್ಟಿಗೆ ನನ್ನ ಆಯ್ಕೆ 8 ಹಲ್ಲಿನ ಚಕ್ರದೊಂದಿಗೆ ವರ್ಮ್. ಪ್ಲೈವುಡ್ ತುಂಡಿಗೆ ಬಿಗಿದು ಬಾಲ್ಕನಿಯ ಕಂಬಿಗೆ ಕಟ್ಟಿದ್ದೇನೆ. ಬಿಸಿಲಿಗೆ ಪ್ಲಾಸ್ಟಿಕ್ ಹಳದಿಯಾಗುವುದರಿಂದ ಹೂ ಬಂದ ಮೇಲೆ ಬಿಚ್ಚಿ ಒಳಗಿಡುತ್ತೇನೆ. ಬುಟ್ಟಿ ಹೂವಿನಮ್ಮನ ಎದೆಮಟ್ಟಕ್ಕೆ ಇಳಿದಾಗ ಅಮ್ಮ ಹಿಡಿ ಬಿಟ್ಟು, ಸೆರಗಿನ ಗಂಟು ಬಿಚ್ಚಿ, ನಿಧಾನವಾಗಿ ನಾಣ್ಯ ಎಣಿಸುತ್ತಾಳೆ.